ಬೋಲ್ಟಿನ ಮೇಲೊಂದು ನೀಲಿ ಗೆರೆ

ಮಸ್ಕತ್ತಿನ ಘಾಲಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಐದೂ ಕಾಲರ ಹೊತ್ತು. ಶಟರುಗಳೆಲ್ಲ ಮುಚ್ಚಿಕೊಂಡಿರುವ ಗ್ಯಾರೇಜು ಬೀದಿಯಲ್ಲಿ ಒಂದು ಗಾಡಿ ಮಾತ್ರ ಎಚ್ಚರವಾಗಿದೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರೂರು ಸುತ್ತುವ ಮೋಟರ್‌ಹೋಮ್ ಅದು. ಅದರ ಬೆನ್ನಿಗೆ ಕಬ್ಬಿಣದ ತೋಳಿನಿಂದ ಕಟ್ಟಿದ ಒಂದು ಪುಟ್ಟ ಜೀಪು. ಜೀಪಿನ ಹಿಂದೆ, ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಐವತ್ತಾರು ವರ್ಷದ ಕೊರಗಪ್ಪ ಕುಕ್ಕರುಗಾಲಲ್ಲಿ ಕೂತು ಅದರ ಹಿಂದಿನ ದೀಪಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ.

"ಎಡ!" ಎಂದು ಕೂಗುತ್ತಾರೆ.

ಮುಂದೆ ಮೋಟರ್‌ಹೋಮಿನ ಎತ್ತರದ ಡ್ರೈವರ್ ಸೀಟಿನಲ್ಲಿ ಅವರ ಹೆಂಡತಿ ಕುಸುಮ ಕೂತಿದ್ದಾರೆ. ಎಡಗಡೆಯ ಇಂಡಿಕೇಟರ್ ಹಾಕುತ್ತಾರೆ.

"ಎಡ ಹಾಕಿದ್ದೀಯಾ?"

"ಹಾಕಿದ್ದೇನೆ."

"ಇಲ್ಲಿ ಎರಡೂ ಕಡೆ ಮಿಣಮಿಣ ಆಗ್ತಾ ಉಂಟಲ್ಲ!"

"ಅದಕ್ಕೆ ನಾನೆಂತ ಮಾಡ್ಲಿ? ನಾನು ಹಾಕಿದ್ದು ಎಡವೇ."

ಬ್ರೇಕ್ ಒತ್ತಿಸಿದರೆ ಉರಿಯುತ್ತಿದ್ದ ದೀಪವೂ ಮಂಕಾಗುತ್ತದೆ. ಬಲ ಹಾಕಿಸಿದರೆ ಬ್ರೇಕಿನ ದೀಪ ಕುಣಿಯುತ್ತದೆ. ಒಂದಕ್ಕೊಂದು ತಾಳಮೇಳವಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಕೊರಗಪ್ಪನವರ ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ. ಕಾರಣ ಇಷ್ಟೇ: ನಿನ್ನೆ ಸಂಜೆ ಇದೇ ಗಾಡಿಯ ಮುಂದೆ ಎದುರಿನ ಗ್ಯಾರೇಜಿನ ಶಾಹುಲ್ ಹಮೀದ್ ಸೋತು ಕೈಚೆಲ್ಲಿದ್ದಾರೆ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವಾಗ ಒಂದು ರೂಢಿಯಿದೆ. ಅವರಿಗೆ ಯಾರ ಮೇಲೂ ಮತ್ಸರವಿಲ್ಲ, ಇದ್ದುದರಲ್ಲೇ ಸುಖಿ ಎಂದು ಬರೆದು ಮುಗಿಸುವುದು. ಕೊರಗಪ್ಪನವರ ಬಗ್ಗೆ ಹಾಗೆ ಬರೆದರೆ ಈ ಬೀದಿಯ ಅರ್ಧ ಜನ ಬಿದ್ದು ಬಿದ್ದು ನಕ್ಕಾರು. ಅವರಿಗೆ ಹೊಟ್ಟೆಕಿಚ್ಚಿದೆ. ಹನ್ನೊಂದು ವರ್ಷಗಳಿಂದ, ಮೂರು ಹೊತ್ತಿನ ಊಟದಷ್ಟೇ ನಿಯಮವಾಗಿ ಇದೆ. ಮುಚ್ಚಿಡುವ ಅಭ್ಯಾಸವೂ ಅವರಿಗಿಲ್ಲ.

"ಬಿಪಿ ಉಂಟು, ಸ್ವಲ್ಪ ಶುಗರ್ ಉಂಟು, ಮತ್ತೆ ಎದುರಿಗೆ ಹಮೀದ್ ಉಂಟು" ಎಂದು ಅವರು ತಮ್ಮ ಕಾಯಿಲೆಗಳ ಪಟ್ಟಿ ಒಪ್ಪಿಸುತ್ತಾರೆ. "ಮೊದಲಿನ ಎರಡಕ್ಕೆ ಮಾತ್ರೆ ಉಂಟು."

ಬಂಟ್ವಾಳ ತಾಲ್ಲೂಕಿನ ವಾಮದಪದವಿನ ಕಡೆಯವರು ಕೊರಗಪ್ಪ. ಹತ್ತನೆಯ ಕ್ಲಾಸು ಮುಗಿಸಿದ ಮೇಲೆ ಮೂಡಬಿದ್ರೆಯ ಒಂದು ಇಲೆಕ್ಟ್ರಿಕ್ ಅಂಗಡಿಯಲ್ಲಿ ಬಸ್ಸುಗಳ ಡೈನಮೊ ಬಿಚ್ಚುತ್ತ ಕೆಲಸ ಕಲಿತರು. ಮೂವತ್ತು ತುಂಬುವ ಮೊದಲೇ ಒಮಾನಿಗೆ ಬಂದರು. ಮೊದಲು ಸುವೈಕಿನಲ್ಲಿ, ಮೀನು ಸಾಗಿಸುವ ಪಿಕಪ್ಪುಗಳ ಹಾರ್ನು ಮತ್ತು ಹೆಡ್‌ಲೈಟು ರಿಪೇರಿ. ಉಪ್ಪುಗಾಳಿ ವೈರನ್ನು ಒಳಗಿನಿಂದ ಹೇಗೆ ತಿನ್ನುತ್ತದೆ ಎಂಬ ವಿದ್ಯೆಯನ್ನು ಅಲ್ಲಿನ ಕಡಲೇ ಕಲಿಸಿತು. ಎಂಟು ವರ್ಷದ ಬಳಿಕ ಮಸ್ಕತ್ತಿನ ಈ ಘಾಲಾಕ್ಕೆ ಬಂದು, ಕಫೀಲರ, ಅಂದರೆ ಸ್ಥಳೀಯ ಪ್ರಾಯೋಜಕರ, ಹೆಸರಿನಲ್ಲಿ ಒಂದೇ ಶಟರಿನ ಅಂಗಡಿ ತೆರೆದರು. ಅಂಗಡಿಗೆ ಬೋರ್ಡಿದೆ, ಅಕ್ಷರಗಳು ಬಿಸಿಲಿಗೆ ಮಾಸಿವೆ. ಜೂನಿನಲ್ಲಿ ಒಳಗೆ ನಿಂತರೆ ಸ್ಪ್ಯಾನರ್ ಹಿಡಿಯಲು ಬಟ್ಟೆ ಬೇಕು. ಏಸಿ ಇಲ್ಲ. "ಎದುರಿನವನಿಗೆ ಉಂಟು" ಎಂದು ಯಾರೂ ಕೇಳದೆಯೇ ಸೇರಿಸುತ್ತಾರೆ.

ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಾಡಿಗಳು ಅವರ ಕೈ ದಾಟಿ ಹೋಗುತ್ತವೆ. ಬ್ಯಾಟರಿ, ವೈಪರ್, ಏರದ ಗಾಜು, ನಿಲ್ಲದ ಹಾರ್ನು. ಅವನ್ನೆಲ್ಲ ಈ ಬೀದಿಯಲ್ಲಿ ಯಾರಾದರೂ ಮಾಡಬಲ್ಲರು. ಅವರ ಹೆಸರು ಹಿಡಿದು ಹುಡುಕಿಕೊಂಡು ಬರುವುದು ಒಂದೇ ಕೆಲಸಕ್ಕೆ: ಮೋಟರ್‌ಹೋಮು ಎಳೆದೊಯ್ಯುವ ಕಾರಿನ ದೀಪ. ಅಕ್ಟೋಬರಿನಿಂದ ಮಾರ್ಚಿನವರೆಗೆ ಒಮಾನಿನ ಕಡಲತೀರ, ಮರಳುಗಾಡು ಸುತ್ತಲು ಬರುವವರು ಈ ದೊಡ್ಡ ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ಹಿಂದೆ ಕಟ್ಟಿ ತಂದ ಸಣ್ಣ ಜೀಪಿನಲ್ಲಿ ಕಣಿವೆಗಳಿಗೆ ಇಳಿಯುತ್ತಾರೆ. ದಾರಿಯಲ್ಲಿ ಹೋಗುವಾಗ ಮುಂದಿನ ಗಾಡಿ ಬ್ರೇಕ್ ಹಾಕಿದರೆ ಹಿಂದಿನ ಜೀಪಿನ ದೀಪ ಉರಿಯಬೇಕು, ಎಡಕ್ಕೆ ತಿರುಗಿದರೆ ಎಡದ್ದೇ ಮಿನುಗಬೇಕು. ಎರಡು ಗಾಡಿಗಳ ನಡುವೆ ಏಳು ಪಿನ್ನಿನ ಒಂದು ಸಾಕೆಟ್, ಒಂದು ಕೇಬಲ್. ಏಳರಲ್ಲಿ ಒಂದು ಮುನಿಸಿಕೊಂಡರೂ ಹಿಂದೆ ಬರುವವನಿಗೆ ಮುಂದೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ.

"ನೂರಿಪ್ಪತ್ತರ ಸ್ಪೀಡಲ್ಲಿ ಬರ್ತಾರೆ ಇಲ್ಲಿ. ಎಡ ಅಂತ ತೋರಿಸಿ ಬಲಕ್ಕೆ ಹೋದ್ರೆ ಕಥೆ ಖಲಾಸ್" ಎನ್ನುತ್ತಾರೆ ಕೊರಗಪ್ಪ. "ದೀಪ ಅಂದ್ರೆ ಗಾಡಿಯ ಮಾತು. ಮಾತು ತಪ್ಪಬಾರ್ದು."

ಈ ಕೆಲಸವನ್ನು ಅವರು ಬೆಳಕು ಹರಿಯುವ ಮೊದಲೇ ಹಿಡಿಯುವುದಕ್ಕೂ ಕಾರಣವಿದೆ. ಕರೆಂಟು ದಾರಿ ತಪ್ಪಿ ಬೇರೆ ಬಲ್ಬಿಗೆ ನುಗ್ಗಿದಾಗ ಅದು ಬೂದಿಯೊಳಗಿನ ಕೆಂಡದಷ್ಟೇ ಬೆಳಗುತ್ತದೆ. ಒಮಾನಿನ ಹಗಲಲ್ಲಿ ಅದು ಯಾರ ಕಣ್ಣಿಗೂ ಬೀಳದು. ಇನ್ನು ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮುಂದೆ ಕೂತು ಒತ್ತಬೇಕು, ಒಬ್ಬರು ಹಿಂದೆ ಕೂತು ನೋಡಬೇಕು. ಈಗ ಒತ್ತುವವರು ಕುಸುಮ. ಆರೂಕಾಲಿಗೆ ಅವರು ಶಾಲಾ ಬಸ್ಸಿನ ಆಯಾ ಆಗಿ ಹೊರಡಬೇಕು, ಅಷ್ಟರೊಳಗೆ ಎಡ, ಬಲ, ಬ್ರೇಕು, ಎಲ್ಲ ಮುಗಿಯಬೇಕು. ಅವರಿಗಿಂತ ಮೊದಲು ಆರು ವರ್ಷ ಆ ಸೀಟಿನಲ್ಲಿ ಕೂತು ಒತ್ತಿದವರು ಶಾಹುಲ್ ಹಮೀದ್.

ಹಮೀದ್ ಉಪ್ಪಿನಂಗಡಿಯ ಬ್ಯಾರಿ ಕುಟುಂಬದವರು. ಐಟಿಐ ಮುಗಿಸಿ, ಮದುವೆಯೂ ಆಗಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಕೊರಗಪ್ಪನವರ ಅಂಗಡಿಗೆ ಬಂದರು. ಬ್ರೇಕ್ ಒತ್ತುತ್ತ ಒತ್ತುತ್ತಲೇ ಹಿಂದೆ ನಡೆಯುವುದನ್ನೆಲ್ಲ ಕಲಿತರು. ಹನ್ನೊಂದು ವರ್ಷದ ಹಿಂದೆ, ಹೇಳಿ ಕೇಳಿ, ಆಶೀರ್ವಾದ ಬೇಡಿಯೇ ಹೊರಗೆ ಹೋದರು. ಹೋದದ್ದು ದೂರಕ್ಕಲ್ಲ, ರಸ್ತೆಯ ಆಚೆಗೆ. ಈಗ ಅಲ್ಲಿ ನಾಲ್ಕು ಶಟರು, ಗಾಜಿನ ಆಫೀಸು, ಗಾಡಿಯ ಹೊಟ್ಟೆಯೊಳಗಿನದೆಲ್ಲ ಪರದೆಯ ಮೇಲೆ ಓದಿ ಹೇಳುವ ಸ್ಕ್ಯಾನರು. ಇಷ್ಟು ಸಾಲದು ಎಂಬಂತೆ ಮೊಬೈಲಿನಲ್ಲಿ ರಿಪೇರಿಯ ವಿಡಿಯೊಗಳು. ಲಕ್ಷಕ್ಕೂ ಮೇಲೆ ಜನ ನೋಡುತ್ತಾರೆ.

ಆ ಲಕ್ಷದಲ್ಲಿ ಒಬ್ಬಳು ಕೊರಗಪ್ಪನವರ ಮಗಳು ಯಶ್ಮಿತಾ. ಹನ್ನೊಂದನೆಯ ಕ್ಲಾಸಿನ ಹುಡುಗಿ. ಅದು ಗೊತ್ತಾದ ದಿನ ಮನೆಯಲ್ಲಿ ಊಟ ತಣ್ಣಗಾಯಿತು. "ನಿನಗೆ ಅವನದ್ದೇ ನೋಡ್ಬೇಕಾ?" ಎಂದು ಅಪ್ಪ ಕೇಳಿದರೆ, ಅವಳು ತಟ್ಟೆಯಿಂದ ತಲೆಯೆತ್ತದೆ, "ಬಟ್ ಪಪ್ಪಾ, ಹಿ ಎಕ್ಸ್‌ಪ್ಲೇನ್ಸ್ ಸೋ ವೆಲ್" ಎಂದಳಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಕೊರಗಪ್ಪ ಆ ಮಾತನ್ನು ಇಂದಿಗೂ ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಾರೆ. ಅವಳು ಹೊಗಳಿದ ಆ ವಿಡಿಯೊದಲ್ಲಿ ಹಮೀದ್ ಹೇಳಿಕೊಡುತ್ತಿದ್ದದ್ದು ಟೆಸ್ಟ್ ಲ್ಯಾಂಪ್ ಹಿಡಿಯುವ ಕ್ರಮ. ಅದನ್ನು ಹಮೀದರಿಗೆ ಹೇಳಿಕೊಟ್ಟವರು ಯಾರೆಂದು ವಿಡಿಯೊ ಹೇಳುವುದಿಲ್ಲ.

ಇನ್ನೊಂದು ಗಾಯ ಕಳೆದ ನವೆಂಬರಿನದು. ಊರಿನವರೆಲ್ಲ ಸೇರಿ ಮಾಡಿದ ರಾಜ್ಯೋತ್ಸವದಲ್ಲಿ ಹಮೀದರಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಸಮಾರಂಭಕ್ಕೆ ಹತ್ತು ನಿಮಿಷ ಇರುವಾಗ ವೇದಿಕೆಯ ದೀಪಗಳು ಫಕ್ಕನೆ ಆರಿದವು. ಸಂಘಟಕರು ನಾಲ್ಕನೆಯ ಸಾಲಿಗೆ ಓಡಿ ಬಂದು ಕೊರಗಪ್ಪನವರನ್ನು ಎಬ್ಬಿಸಿದರು. ಅವರು ಪರದೆಯ ಹಿಂದೆ ಹೋಗಿ, ಸಡಿಲವಾಗಿದ್ದ ವೈರು ಬಿಗಿದು, ಬೆವರು ಒರೆಸಿಕೊಂಡು ತಿರುಗಿ ಬರುವಷ್ಟರಲ್ಲಿ ಅವರ ಕುರ್ಚಿಯಲ್ಲಿ ಇನ್ಯಾರೋ ಕೂತಿದ್ದರು. ಪೂರ್ತಿ ಸನ್ಮಾನವನ್ನು ಗೋಡೆಗೆ ಒರಗಿ ನಿಂತೇ ನೋಡಿದರು.

"ಫೋಟೋದಲ್ಲಿ ಅವನ ಮುಖ ಎಷ್ಟು ಫಳಫಳ ಹೊಳೀತದೆ ನೋಡಿ" ಎಂದು ಮೊಬೈಲ್ ತೆಗೆದು ತೋರಿಸುತ್ತಾರೆ. ಫೋಟೋವನ್ನು ಅವರು ಅಳಿಸಿಲ್ಲ. "ಆ ಲೈಟ್ ಹಾಕಿದ್ದು ನಾನು."

ಹೀಗಿರುವಾಗ ನಿನ್ನೆ ಸಂಜೆ ಗ್ಲಾಡ್ವಿನ್ ಬಂದರು. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು (ಊರಿನ ರೂಢಿಯಂತೆ ಕೊರಗಪ್ಪನವರ ಬಾಯಲ್ಲಿ 'ಪರ್ಬುಗಳು'), ಪ್ರವಾಸಿಗಳಿಗೆ ಮೋಟರ್‌ಹೋಮು ಬಾಡಿಗೆಗೆ ಕೊಡುವ ಕೆಲಸ ಅವರದು. ಅಂಥ ಆರು ಗಾಡಿಗಳಿವೆ, ಆರರ ಹಿಂದೆಯೂ ಒಂದೊಂದು ಜೀಪಿದೆ. ಆರಕ್ಕೂ ದೀಪದ ಜೋಡಣೆ ಮಾಡಿದವರು ಕೊರಗಪ್ಪ. ಅದರಲ್ಲಿ ಈ ಒಂದು ಗಾಡಿಯನ್ನು ಸುವೈಕಿನ ಹತ್ತಿರ ಪೊಲೀಸರು ನಿಲ್ಲಿಸಿದ್ದರು, ದೀಪ ಹುಚ್ಚುಹುಚ್ಚಾಗಿ ಮಿನುಗುತ್ತಿದೆ ಎಂದು. ಗ್ಲಾಡ್ವಿನ್ ನೇರ ಕೊರಗಪ್ಪನವರ ಹತ್ತಿರ ಬರಲಿಲ್ಲ. ವಿಡಿಯೊ ನೋಡಿದ್ದರು, ಹಮೀದರಲ್ಲಿಗೆ ಒಯ್ದರು. ಎರಡು ದಿನ ಇಟ್ಟುಕೊಂಡ ಹಮೀದ್, "ನನಗೆ ಗೊತ್ತಾಗ್ಲಿಲ್ಲ ಸರ್. ಇದು ಕೊರಗಪ್ಪಣ್ಣನ ಕೈಯ ಕೆಲಸ, ಅವರೇ ನೋಡ್ಲಿ" ಎಂದು ಕಳಿಸಿದರು.

"ನಾಳೆ ಒಂಬತ್ತಕ್ಕೆ ಗಿರಾಕಿ ಬರ್ತಾರೆ ಕೊರಗಪ್ಪಣ್ಣ" ಎಂದರು ಗ್ಲಾಡ್ವಿನ್. "ಇಲ್ಲಿಯೂ ಆಗದಿದ್ರೆ ನಾನು ಆರೂ ಗಾಡಿಯನ್ನು ಸೊಹಾರಿಗೆ ಕೊಂಡೋಗಿ ಹಳೆ ವೈರ್ ಪೂರ್ತಿ ಕಿತ್ತು ಹೊಸತು ಹಾಕಿಸ್ತೇನೆ. ಬೇಜಾರು ಮಾಡ್ಬಾರ್ದು."

ಬೇಜಾರು ಮಾಡಿಕೊಳ್ಳಲು ಕೊರಗಪ್ಪನವರಿಗೆ ಪುರುಸೊತ್ತೆಲ್ಲಿ? ಅವರ ಕಿವಿಗೆ ಬಿದ್ದದ್ದು ಒಂದೇ ಮಾತು, ಹಮೀದನಿಗೆ ಗೊತ್ತಾಗಲಿಲ್ಲ. ಆರು ಗಾಡಿ ಕೈತಪ್ಪಿದರೆ ಈ ಬೀದಿಯಲ್ಲಿ ತನ್ನ ಹೆಸರು ಹಿಡಿದು ಕೇಳುವವರೇ ಇರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಸ್ಕ್ಯಾನರಿಗೆ ಸಿಗದ್ದು ತನ್ನ ಟೆಸ್ಟ್ ಲ್ಯಾಂಪಿಗೆ ಸಿಕ್ಕಿಬಿಟ್ಟರೆ? ಮನೆಗೆ ಹೋಗಿ ಮಗಳೆದುರು ಇದನ್ನು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಅವಳು ಎದ್ದು ಹೋದಳು.

ಹಾಗೆ ಇವತ್ತಿನ ಮುಂಜಾವ. ಅವರ ಟೆಸ್ಟ್ ಲ್ಯಾಂಪ್ ಎಂದರೆ ಒಂದು ಬಲ್ಬು, ಅದಕ್ಕೆ ಎರಡು ವೈರು, ಒಂದರ ತುದಿಗೆ ಮೊಳೆ. ಹತ್ತೊಂಬತ್ತು ವರ್ಷ ಹಳೆಯದು, ಬಲ್ಬು ಮಾತ್ರ ಹನ್ನೊಂದು ಸಲ ಬದಲಾಗಿದೆ. ಮೀಟರನ್ನು ಅವರು ನಂಬುವುದಿಲ್ಲ. "ತುಕ್ಕು ಹಿಡಿದ ವೈರಲ್ಲೂ ಮೀಟರ್ ಹನ್ನೆರಡು ವೋಲ್ಟ್ ತೋರಿಸ್ತದೆ. ಅದು ಬಾಯಲ್ಲಿ ಹೇಳಿದ ಹಾಗೆ. ಬಲ್ಬ್ ಕಟ್ಟಿ ಭಾರ ಹೊರಿಸಿದ್ರೆ ಮಾತ್ರ ಸತ್ಯ ಹೊರಗೆ ಬರ್ತದೆ" ಎನ್ನುತ್ತಾರೆ.

ಮೊದಲು ನಡುವಿನ ಕೇಬಲ್ ಕಿತ್ತು, ಮೋಟರ್‌ಹೋಮಿನ ಸಾಕೆಟ್ಟಿಗೆ ಬಲ್ಬು ಹಿಡಿಯುತ್ತಾರೆ. ಕುಸುಮ ಎಡ ಒತ್ತಿದರೆ ಎಡ, ಬ್ರೇಕ್ ಒತ್ತಿದರೆ ಬ್ರೇಕು, ಎಲ್ಲವೂ ನಿಚ್ಚಳ. ಅಂದರೆ ಮುಂದಿನ ಗಾಡಿ ಸರಿಯಿದೆ, ದೋಷ ಹಿಂದಿನದು. ಕೇಬಲ್ ಮತ್ತೆ ಸಿಕ್ಕಿಸಿ, ಈಗ ಒಂದು ಉದ್ದನೆಯ ವೈರನ್ನು ಮೋಟರ್‌ಹೋಮಿನ ಚಾಸಿಸ್ಸಿನಿಂದ ಎಳೆದು ತಂದು ಜೀಪಿನ ಹಿಂದಿನ ದೀಪದ ಲೋಹಕ್ಕೆ ಮುಟ್ಟಿಸುತ್ತಾರೆ. ಅಷ್ಟರಲ್ಲಿ ಮಂತ್ರ ಹಾಕಿದಂತೆ ದೀಪಗಳೆಲ್ಲ ಬುದ್ಧಿ ಕಲಿಯುತ್ತವೆ. ಎಡ ಎಂದರೆ ಎಡವೇ.

"ಅರ್ತ್!" ಎಂದು ಕೊರಗಪ್ಪ ಕೂಗುತ್ತಾರೆ. ದೀಪಕ್ಕೆ ಬಂದ ಕರೆಂಟಿಗೆ ತಿರುಗಿ ಹೋಗಲು ಒಂದು ದಾರಿ ಬೇಕು, ಅದೇ ಅರ್ತ್. ಆ ದಾರಿ ಮುಚ್ಚಿದರೆ ಕರೆಂಟು ಸಿಕ್ಕ ಸಿಕ್ಕ ಬಲ್ಬಿನೊಳಗೆ ನುಗ್ಗಿ ಹೊರಗೆ ಹೋಗಲು ನೋಡುತ್ತದೆ. "ಕುಸುಮಾ, ಅರ್ತ್ ಹೋಗಿದೆ! ಇಷ್ಟು ಸಣ್ಣ ವಿಷಯ! ಇಷ್ಟು ಅವನಿಗೆ ಗೊತ್ತಾಗ್ಲಿಲ್ಲ! ಲಕ್ಷ ಜನ ನೋಡ್ತಾರಂತೆ!"

"ಮೊದಲು ಸರಿ ಮಾಡಿ, ಆಮೇಲೆ ಕುಣೀರಿ. ನನಗೆ ಬಸ್ಸಿಗೆ ಹೊತ್ತಾಯ್ತು" ಎನ್ನುತ್ತಾರೆ ಕುಸುಮ.

ಅರ್ತಿನ ಬಿಳಿ ವೈರು ಜೀಪಿನ ಮೂತಿಯ ಅಡಿಯಲ್ಲಿ ಒಂದು ಬೋಲ್ಟಿಗೆ ಬಂದು ಸೇರುತ್ತದೆ. ಕೊರಗಪ್ಪ ರಟ್ಟಿನ ಮೇಲೆ ಮಲಗಿ, ಜಾರಿಕೊಂಡು ಒಳಗೆ ಹೋಗುತ್ತಾರೆ, ಟಾರ್ಚ್ ಬಿಡುತ್ತಾರೆ. ಬೋಲ್ಟಿನ ಮೇಲೆ ಗ್ರೀಸು ಮೆತ್ತಿದೆ. ಆ ಗ್ರೀಸಿನ ಪಕ್ಕದಲ್ಲೇ, ಬೋಲ್ಟಿನ ತಲೆಯಿಂದ ಚಾಸಿಸ್ಸಿಗೆ ಎಳೆದ ಒಂದು ಬಣ್ಣದ ಗೆರೆ ಕಾಣುತ್ತದೆ. ನೀಲಿ ಗೆರೆ.

ಇಲ್ಲಿ ಈ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಯಾವ ಬೋಲ್ಟನ್ನು ಬಿಗಿದರೂ ಅದರ ಮೇಲೆ ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಕೊರಗಪ್ಪನವರ ಗೆರೆ ಹಳದಿ. ಹಮೀದ್ ಬೇರೆ ಅಂಗಡಿ ಇಟ್ಟ ಮೇಲೆ ಅವರ ಗೆರೆ ನೀಲಿ. ಈಗ ಹಳೆಯ ಹಳದಿ ಗೆರೆ ಎರಡು ತುಂಡಾಗಿದೆ, ಹೊಸ ನೀಲಿ ಗೆರೆ ನೆಟ್ಟಗಿದೆ. ಅಂದರೆ ಹಮೀದ್ ಈ ಬೋಲ್ಟನ್ನು ಬಿಚ್ಚಿ, ನೋಡಿ, ತಿರುಗಿ ಹಾಕಿದ್ದಾರೆ.

ಜೀಪಿನ ಅಡಿಯಿಂದಲೇ ಕೊರಗಪ್ಪ ನಗುತ್ತಾರೆ. ಆ ಬೆಳಗಿನ ಅತ್ಯಂತ ಸುಖದ ನಗು ಅದು. "ಬಿಚ್ಚಿ ನೋಡಿದ್ದಾನೆ ಮಾರಾಯ್ತಿ! ಕೈಯಲ್ಲಿ ಹಿಡಿದು ನೋಡಿಯೂ ಗೊತ್ತಾಗ್ಲಿಲ್ಲ ಇವನಿಗೆ!" ಎನ್ನುತ್ತ ಸ್ಪ್ಯಾನರ್ ಹಾಕಿ ಬೋಲ್ಟು ತಿರುಗಿಸುತ್ತಾರೆ. ಬೋಲ್ಟು ಕಳಚುತ್ತದೆ. ವೈರಿನ ತುದಿಯ ಬಳೆಯಂಥ ಟರ್ಮಿನಲ್ಲನ್ನು ಎಳೆದು ಟಾರ್ಚಿನ ಬೆಳಕಿಗೆ ಹಿಡಿಯುತ್ತಾರೆ.

ನಗು ಅಲ್ಲಿಗೆ ನಿಲ್ಲುತ್ತದೆ.

ತುಕ್ಕು ಹಿಡಿದಿದೆ, ಅದು ಸರಿ. ಆದರೆ ಬಳೆಗೂ ಚಾಸಿಸ್ಸಿಗೂ ನಡುವೆ ಪದರಗಟ್ಟಿ ಒಣಗಿರುವುದು ಬರಿಯ ತುಕ್ಕಲ್ಲ. ತುಕ್ಕಿನ ಬಣ್ಣ ಅವರಿಗೆ ಗೊತ್ತಿಲ್ಲವೇ? ಇದು ಅದಕ್ಕಿಂತ ಕೆಂಪು. ಬೆರಳಿನಿಂದ ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಕುಂಕುಮ.

ಅಕ್ಟೋಬರಿನ ಆಯುಧಪೂಜೆಯ ಬೆಳಿಗ್ಗೆ ಈ ಗಾಡಿಗೆ ದೀಪ ಜೋಡಿಸುವ ಕೆಲಸ ನಡೆದಿತ್ತು. ಅರ್ತಿಗೆಂದು ಚಾಸಿಸ್ಸಿನ ಬಣ್ಣ ಕೆರೆದು, ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುವಂತೆ ಮಾಡಿ ಕೊರಗಪ್ಪ ಬಳೆ ಕೂರಿಸಲು ಹೊರಟಿದ್ದರು. ಅಷ್ಟರಲ್ಲಿ ಕುಸುಮ ಬಟ್ಟಲಲ್ಲಿ ಕುಂಕುಮ ಕಲಸಿ ತಂದು, ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿದರು. ಕೊರಗಪ್ಪ ಸ್ಪ್ಯಾನರಿಗೆ ಹಚ್ಚಿದರು, ಟೆಸ್ಟ್ ಲ್ಯಾಂಪಿಗೆ ಹಚ್ಚಿದರು. ಕೈ ಹಾಕಿದ ಕೆಲಸಕ್ಕೂ ಇರಲಿ ಎಂದು ಆಗಷ್ಟೇ ಕೆರೆದ ಆ ಹೊಳೆಯುವ ಕಬ್ಬಿಣಕ್ಕೂ ಒಂದು ದೊಡ್ಡ ಬೊಟ್ಟು ಇಟ್ಟರು. ಹಸಿ ಬೊಟ್ಟಿನ ಮೇಲೆಯೇ ಬಳೆ ಕೂರಿಸಿ ಬಿಗಿದು, ಗ್ರೀಸು ಮೆತ್ತಿ, ಹಳದಿ ಗೆರೆ ಎಳೆದರು. ಆ ದಿನ ದೀಪ ಚೆನ್ನಾಗಿಯೇ ಉರಿಯಿತು. ಒಳಗೆ ಉಳಿದ ಹಸಿಗೆ ಸುವೈಕಿನ ಉಪ್ಪುಗಾಳಿ ಸೇರಿ, ನಾಲ್ಕು ತಿಂಗಳಲ್ಲಿ ದಾರಿ ಮುಚ್ಚಿಹೋಯಿತು.

ಮೊದಲು ಅವರಿಗೆ ಬಂದದ್ದು ಹೆಂಡತಿಯ ಮೇಲಿನ ಸಿಟ್ಟು. "ನಿನ್ನ ಒಂದು ಮುಹೂರ್ತ!" ಎಂದು ಜೀಪಿನ ಅಡಿಯಿಂದ ಗುಡುಗುತ್ತಾರೆ.

ಕುಸುಮ ಸೀಟಿನಿಂದ ಇಳಿದು ಬಂದು, ಬಗ್ಗಿ, ಬಳೆಯನ್ನೂ ಗಂಡನ ಮುಖವನ್ನೂ ನೋಡುತ್ತಾರೆ. "ಮುಹೂರ್ತ ಹೇಳಿದ್ದು ನಾನು, ಹೌದು. ಬೋಲ್ಟಿನ ಅಡಿಗೆ ಹಚ್ಚಿ ಅಂತ ನಾನು ಹೇಳಿದ್ನಾ?" ಉತ್ತರಕ್ಕೆ ಕಾಯದೆ ಅವರು ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ನಡೆಯುತ್ತಾರೆ.

ಒಬ್ಬರೇ ಉಳಿದ ಮೇಲೆ ಎರಡನೆಯ ವಿಷಯ ಕೊರಗಪ್ಪನವರಿಗೆ ನಿಧಾನವಾಗಿ ಹೊಳೆಯುತ್ತದೆ. ಹಮೀದ್ ಇದನ್ನು ಬಿಚ್ಚಿದ್ದಾನೆ. ಅಂದ ಮೇಲೆ ಈ ಕೆಂಪನ್ನು ಅವನೂ ನೋಡಿದ್ದಾನೆ. ಪೂಜೆಯ ದಿನ ಆರು ವರ್ಷ ಇದೇ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು, ಅವಲಕ್ಕಿ ಬೆಲ್ಲ ತಿಂದವನಿಗೆ ಇದು ಏನೆಂದು ತಿಳಿಯದೆ ಇರುತ್ತದೆಯೇ? ಗೊತ್ತಿದ್ದೂ "ನನಗೆ ಗೊತ್ತಾಗ್ಲಿಲ್ಲ" ಎಂದಿದ್ದಾನೆ.

ಕೊರಗಪ್ಪ ಕುಂಕುಮವನ್ನು ಮೊದಲು ಬಟ್ಟೆಯಲ್ಲಿ ಒರೆಸಿ ತೆಗೆದು, ಬಟ್ಟೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ಪಾಲಿಶ್ ಪೇಪರ್ ಹಾಕಿ ಕಬ್ಬಿಣ ಹೊಳೆಯುವವರೆಗೆ ಉಜ್ಜುತ್ತಾರೆ. ಹೊಸ ಬಳೆ, ಹೊಸ ವಾಷರು, ಗ್ರೀಸು, ಹಳದಿ ಗೆರೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

ಎಂಟು ಗಂಟೆಗೆ ಗ್ಲಾಡ್ವಿನ್ ಬರುತ್ತಾರೆ. ತಾವೇ ಸೀಟಿಗೆ ಹತ್ತಿ ಎಡ, ಬಲ, ಬ್ರೇಕ್ ಎಲ್ಲ ಒತ್ತಿ, ಕೊರಗಪ್ಪ ಹಿಂದಿನಿಂದ "ಸರಿ, ಸರಿ" ಎಂದಂತೆಲ್ಲ ಅರಳುತ್ತಾರೆ. ಇಳಿದು ಬಂದು ಕೈ ಹಿಡಿದು ಕುಲುಕುತ್ತಾರೆ.

"ಹಮೀದ್‌ಗೆ ಸಿಗದ್ದು ನಿಮಗೆ ಸಿಕ್ಕಿತಲ್ಲ ಕೊರಗಪ್ಪಣ್ಣ! ಎಂತ ಆಗಿತ್ತು?"

"ಅರ್ತ್ ಹಿಡಿದಿರ್ಲಿಲ್ಲ, ಪರ್ಬುಗಳೇ."

"ಅಷ್ಟೆಯಾ? ಅವರಿಗೆ ಅದೂ ಗೊತ್ತಾಗ್ಲಿಲ್ವಾ? ನಿಲ್ಲಿ, ನಮ್ಮ ಊರಿನವರ ಗ್ರೂಪಿಗೆ ಹಾಕ್ತೇನೆ. ಹಳೇ ಕೈ ಹಳೇ ಕೈಯೇ ಅಂತ. ಆರೂ ಗಾಡಿ ಇನ್ನು ನಿಮಗೇ."

ಹನ್ನೊಂದು ವರ್ಷ ಕಾದ ಮಾತು. ಊರಿನವರೆಲ್ಲ ಓದಲಿದ್ದ ಮಾತು, ಮಗಳ ಮೊಬೈಲಿಗೂ ಬರಲಿದ್ದ ಮಾತು. ಅದು ಕೈಗೆ ಸಿಕ್ಕಿದ ಹೊತ್ತಿಗೆ ಕೊರಗಪ್ಪನವರ ಬಾಯಿ ಕಹಿಯಾಗಿದೆ. "ಹಾಕ್ಬೇಡಿ" ಎನ್ನುತ್ತಾರೆ. "ದಮ್ಮಯ್ಯ, ಹಾಕ್ಬೇಡಿ."

"ನೋಡಿ, ಎಷ್ಟು ವಿನಯ!" ಎಂದು ಗ್ಲಾಡ್ವಿನ್ ಇನ್ನಷ್ಟು ಮೆಚ್ಚಿ, ಗಾಡಿ ಓಡಿಸಿಕೊಂಡು ಹೋಗುತ್ತಾರೆ. ತಿರುವಿನಲ್ಲಿ ಪುಟ್ಟ ಜೀಪಿನ ಎಡಗಡೆಯ ದೀಪ ಮಾತ್ರ ಮಿನುಗುತ್ತದೆ. ಇಷ್ಟು ಚೊಕ್ಕ ಕೆಲಸವನ್ನು ನೋಡಿ ಕೊರಗಪ್ಪನವರಿಗೆ ಇಷ್ಟು ಸಂಕಟ ಹಿಂದೆಂದೂ ಆಗಿರಲಿಲ್ಲ.

ಅವರು ಎರಡು ಕರಕ್ ಚಾ ತೆಗೆದುಕೊಂಡು ರಸ್ತೆ ದಾಟುತ್ತಾರೆ. ಹನ್ನೊಂದು ವರ್ಷದಲ್ಲಿ ಅವರು ಈ ರಸ್ತೆ ದಾಟಿದ್ದು ನಾಲ್ಕು ಸಲ, ಮೂರು ಸಲ ಹಬ್ಬಕ್ಕೆ ಕರೆದದ್ದಕ್ಕೆ, ಒಮ್ಮೆ ಹಮೀದರ ತಾಯಿ ತೀರಿಕೊಂಡಾಗ. ಹಮೀದ್ ಆಫೀಸಿನಿಂದ ಎದ್ದು ಹೊರಗೆ ಬಂದು ಕುರ್ಚಿ ಎಳೆದು ಹಾಕುತ್ತಾರೆ. ಇಬ್ಬರ ನಡುವೆ ಓಡುವುದು ತುಳು.

"ಲೈಟ್ ಸರಿಯಾಯ್ತಾ ಕೊರಗಪ್ಪಣ್ಣ?"

"ಆಯ್ತು. ನಿನಗೆ ಗೊತ್ತಾಗ್ಲಿಲ್ವಂತೆ."

"ಇಲ್ಲ ಅಣ್ಣ. ತುಂಬಾ ನೋಡಿದೆ."

"ಸುಳ್ಳು ಹೇಳ್ಬೇಡ. ಬೋಲ್ಟಿನ ಮೇಲೆ ನೀಲಿ ಗೆರೆ ಉಂಟು."

ಹಮೀದ್ ಚಾದ ಕಪ್ಪನ್ನು ಕೆಳಗಿಡುತ್ತಾರೆ. ಆಮೇಲೆ, "ನೀವೇ ಕಲಿಸಿದ್ದಲ್ವಾ, ಬೋಲ್ಟ್ ಮುಟ್ಟಿದ್ರೆ ಗೆರೆ ಹಾಕ್ಲೇಬೇಕು ಅಂತ. ಕೈ ಕೇಳ್ಲಿಲ್ಲ" ಎನ್ನುತ್ತಾರೆ.

"ಉಜ್ಜಿ ಕ್ಲೀನ್ ಮಾಡಿ ನೀನೇ ಕೊಡ್ಬಹುದಿತ್ತು. ಆರು ಗಾಡಿಯೂ ನಿನಗೆ ಬರ್ತಿತ್ತು."

"ಅದು ನಿಮ್ಮ ಪೂಜೆಯ ಕುಂಕುಮ ಅಣ್ಣ. ಅದಕ್ಕೆ ನಾನು ಪಾಲಿಶ್ ಪೇಪರ್ ಹಾಕಿ ಉಜ್ಜುದಾ? ಕೈಯಲ್ಲಿ ಪೇಪರ್ ಹಿಡಿದೆ. ಮನಸ್ಸು ಬರ್ಲಿಲ್ಲ."

"ಹಾಗಾದ್ರೆ ಪರ್ಬುಗಳ ಹತ್ರ ಇದ್ದದ್ದು ಹೇಳ್ಬೇಕಿತ್ತು."

"ಎಂತ ಹೇಳುದು? ಕೊರಗಪ್ಪಣ್ಣ ತಪ್ಪು ಮಾಡಿದ್ರು ಅಂತಲಾ? ನನ್ನ ಬಾಯಲ್ಲಿ ಬರ್ಲಿಕ್ಕಿಲ್ಲ ಅದು. ನನಗೆ ಗೊತ್ತಿಲ್ಲ ಅಂತ ಹೇಳುದು ಸುಲಭ ಆಯ್ತು."

ಇದು ಫೆಬ್ರವರಿಯ ಮಾತು. ಆ ತುಕ್ಕು ಹಿಡಿದ ಬಳೆ ಈಗ ಕೊರಗಪ್ಪನವರ ಅಂಗಡಿಯ ಗೋಡೆಯಲ್ಲಿ, ಟೆಸ್ಟ್ ಲ್ಯಾಂಪಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ಬರುವ ಆಯುಧಪೂಜೆಗೆ ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಎಂದು ಅವರೂ ಕುಸುಮ ಅವರೂ ಒಪ್ಪಂದಕ್ಕೆ ಬಂದಿದ್ದಾರೆ. ಅಂದು ಗ್ಲಾಡ್ವಿನ್ ಅವರಿಗೆ ಹೇಳಲಾಗದ್ದನ್ನು ಅವರು ಈ ಪುರವಣಿಗೆ ಹೇಳುತ್ತಿದ್ದಾರೆ, ಹೆಸರು ಸಹಿತ ಬರೆಯಿರಿ ಎಂದು ಒತ್ತಾಯ ಮಾಡಿ. "ಪೇಪರಲ್ಲಿ ಬಂದ್ರೆ ಪರ್ಬುಗಳಿಗೆ ಗೊತ್ತಾಗ್ತದೆ. ಗಾಡಿ ಸೊಹಾರಿಗೆ ಹೋದ್ರೂ ಹೋದೀತು. ಹೋಗ್ಲಿ. ಹಮೀದನಿಗೆ ಪರ್ಬುಗಳ ಎದುರು ಹೋದ ಮರ್ಯಾದೆ ತಿರುಗಿ ಬರ್ಬೇಕಲ್ಲ."

ಹಾಗಾದರೆ ಹೊಟ್ಟೆಕಿಚ್ಚು ಆರಿತೇ? ಕೊರಗಪ್ಪ ಅದನ್ನು ಕೇಳಿ, ಗ್ರೀಸಿನ ಕೈಯಲ್ಲೇ ಹಣೆ ಉಜ್ಜಿಕೊಳ್ಳುತ್ತಾರೆ.

"ಆರುದಾ? ಜಾಸ್ತಿ ಆಗಿದೆ ಮಾರಾಯ್ರೆ! ಮೊದಲು ಅವನ ನಾಲ್ಕು ಶಟರಿನ ಮೇಲೆ ಇತ್ತು, ಏಸಿ ಮೇಲೆ ಇತ್ತು. ಕೆಲಸದಲ್ಲಾದ್ರೂ ಒಂದು ದಿನ ಸೋಲಿಸ್ತೇನೆ ಅಂತ ಧೈರ್ಯ ಇತ್ತು. ಈಗ ಗುಣದಲ್ಲೂ ಮುಂದೆ ಹೋಗಿ ಕೂತಿದ್ದಾನೆ. ಅದಕ್ಕೆ ಯಾವ ಸ್ಪ್ಯಾನರ್ ಹಾಕುದು?"

ರಸ್ತೆಯಾಚೆ ಹಮೀದ್ ಯಾವುದೋ ಗಾಡಿಯ ಬಾನೆಟ್ ಎತ್ತಿ ಹಿಡಿದು ಮೊಬೈಲಿಗೆ ಮಾತಾಡುತ್ತಿದ್ದಾರೆ. ಹೊಸ ವಿಡಿಯೊ ಇರಬೇಕು. ಕೊರಗಪ್ಪ ಅದನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ, ಇದೆ, ಒಂದೇ ಒಂದು ಎನ್ನುತ್ತಾರೆ.

"ಅವನ ಒಂದು ತಪ್ಪು ನನ್ನ ಕೈಗೆ ಸಿಗ್ಬೇಕು. ಬೋಲ್ಟ್ ಬಿಚ್ಚಿ ನಾನು ಅದನ್ನು ನೋಡ್ಬೇಕು, ಹಾಗೇ ತಿರುಗಿ ಮುಚ್ಚಿ ಹಳದಿ ಗೆರೆ ಹಾಕ್ಬೇಕು. ಗಿರಾಕಿ ಹತ್ರ, 'ನನಗೆ ಗೊತ್ತಾಗ್ಲಿಲ್ಲ, ಹಮೀದನೇ ನೋಡ್ಲಿ' ಅಂತ ಹೇಳ್ಬೇಕು. ಅಷ್ಟು ಹೇಳ್ಲಿಕ್ಕೆ ನನ್ನಿಂದ ಆಗ್ತದಾ ಇಲ್ವಾ ಅಂತ ಒಮ್ಮೆ ನೋಡ್ಬೇಕು."